ಅಪ್ಪ-ಅಮ್ಮನ್ನ ಸ್ಪೇಸ್ ನೀಡಲ್ ಹತ್ತಿಸಬೇಕಾ? ಹೋಗಿಬಂದವರು ಹೇಳಿ

ಹಾಸನದಿಂದ ಅಪ್ಪ-ಅಮ್ಮ ಬಂದಿದಾರೆ, ಇನ್ನು ಮೂರು ವಾರ ಇರ್ತಾರೆ. ಸಿಯಾಟಲ್‌ನಲ್ಲಿ 1962ರ ವರ್ಲ್ಡ್ಸ್ ಫೇರ್ ನಡೆದ ಜಾಗ ನೋಡ್ಬೇಕು ಅಂತ ಅಪ್ಪಂಗೆ ಆಸೆ. ಅಮ್ಮಂಗೆ ಮಂಡಿನೋವು. ಅಕ್ಟೋಬರ್‌ನಲ್ಲಿ ಅಷ್ಟು ದುಡ್ಡು ಕೊಟ್ಟು ಆ ಫೇರ್‌ಗೆ ಕಟ್ಟಿದ ಗೋಪುರ ಸ್ಪೇಸ್ ನೀಡಲ್ ಮೇಲೆ ಹೋಗೋದು ಸರೀನಾ?

ಮೋಡದೊಳಗಿನವ: ಬೇಡ. ಹೋದ ನವೆಂಬರ್‌ನಲ್ಲಿ ನಾಲ್ಕು ಜನ ಹೋಗಿದ್ವಿ. ಸೂರ್ಯಾಸ್ತದ ಹೊತ್ತೇ ಬೇಕು ಅಂತ ಜಾಸ್ತಿ ಕೊಟ್ಟು ವಾರದ ಮುಂಚೆ ಬುಕ್ ಮಾಡಿದ್ದೆ: 188 ಡಾಲರ್. ಪಾರ್ಕಿಂಗ್ 32. ಕಾಫಿ ನಾಲ್ಕು, 23. ಲಿಫ್ಟ್ ಮುಕ್ಕಾಲು ನಿಮಿಷದಲ್ಲಿ ಮೇಲೆ ಹಾಕ್ತು. ಸೂರ್ಯ ಇಲ್ಲ, ರೇನಿಯರ್ ಬೆಟ್ಟ ಇಲ್ಲ, ಬರೀ ಬಿಳಿ. ಮಾವ ಒಂದೇ ಮಾತು ಹೇಳಿದ್ದು, "ಈ ಮಂಜು ಚಾರ್ಮಾಡಿಯಲ್ಲಿ ಬಸ್ ಚಾರ್ಜಿಗೇ ಸಿಗ್ತಿತ್ತಲ್ಲೋ." ಈಗಲೂ ಫೋನ್ ಮಾಡಿದಾಗೆಲ್ಲ ಅದನ್ನೇ ಆಡಿ ತೋರಿಸ್ತಾರೆ.

ಬೆಲ್‌ವ್ಯೂ ಸೊಸೆ: ನವೆಂಬರ್‌ನಲ್ಲಿ ಹೋಗಿ ಮೋಡ ಅಂತ ಅತ್ರೆ ಯಾರೇನ್ ಮಾಡಕ್ಕಾಗತ್ತೆ? ನಾವು ಜುಲೈ ಬೆಳಿಗ್ಗೆ ಹೋಗಿದ್ವಿ, ಹಿರಿಯರ ರಿಯಾಯಿತಿನೂ ಸಿಕ್ತು. ಕೆಳಗಿನ ಅಂತಸ್ತಿನ ಗಾಜಿನ ನೆಲ ತಿರುಗುತ್ತಲ್ಲ, ನಮ್ಮತ್ತೆ ಅದು ಒಡೆದೀತು ಅಂತ ಚಪ್ಪಲಿ ಬಿಟ್ಟು ಕಾಲಿಟ್ರು! ಆ ಫೋಟೋನೇ ಈಗ ಅವರ ಡಿಪಿ.

ಧಾರವಾಡ ಮಾಮಾ: ಆ ಸೂಜಿ ಬಿಡ್ರಿ. 605 ಅಡಿ ಸೂಜಿ ಮ್ಯಾಲೆ ನಿಂತ್ರ ಸೂಜೀನ ಕಾಣಂಗಿಲ್ಲ. ಸೂಜಿ ಕಾಣೂ ಕೆರಿ ಪಾರ್ಕಿಗೆ ಹೋಗ್ರಿ, ಪುಕಟ. ಎತ್ತರನ ಬೇಕಂದ್ರ ಡೌನ್‌ಟೌನ್‌ನ್ಯಾಗ ಕೊಲಂಬಿಯಾ ಸೆಂಟರ್ 73ನೇ ಮಹಡಿ ಐತಿ. ಡೌನ್‌ಟೌನಿಂದ ಫೇರ್ ಜಾಗಕ್ಕ ಹೋಗೂ ಮೊನೊರೈಲಿಗಂತೂ ರೊಕ್ಕಾ ಸುರೀಬ್ಯಾಡ್ರಿ. ಟಿಕೆಟ್ ಕಿಸೆದಾಗ ಇಟ್ಟು ಕುಂದ್ರೂದ್ರಾಗ ಇಳೀರಿ ಅಂದ್ರು.

ಹಳೇ ರೈಲು: ಮಾಮಾ, ಮೊನೊರೈಲು ಎರಡೇ ನಿಮಿಷದ್ದು ಅಂತ ಹೀಯಾಳಿಸ್ಬೇಡಿ. ಇರೋದೇ ಒಂದು ಮೈಲಿ. ಫೇರ್‌ಗೆ ಅಂತ ತಂದ ಅದೇ ಎರಡು ರೈಲು ಇವತ್ತೂ ಓಡ್ತಿವೆ, ಮೋಪಾಪ್ ಮ್ಯೂಸಿಯಂ ಹೊಟ್ಟೆ ಸೀಳ್ಕೊಂಡು ಹೋಗತ್ತೆ. ಅಲ್ಲೇ ಇರೋ ಸೈನ್ಸ್ ಸೆಂಟರ್ ಕಮಾನುಗಳನ್ನ ಒಬ್ರಾದ್ರೂ ಹೇಳಿದ್ರಾ? ಅದನ್ನ ಮಾಡಿದ ವಾಸ್ತುಶಿಲ್ಪಿ ಯಮಸಾಕಿನೇ ಆಮೇಲೆ ನ್ಯೂಯಾರ್ಕ್ ಅವಳಿ ಗೋಪುರ ಮಾಡಿದ್ದು. ಪಕ್ಕದ ಒಳಾಂಗಣ ಕ್ರೀಡಾಂಗಣ, ಅರೀನಾದ್ದು 1962ರ ಚಾವಣಿ. ಅದನ್ನ ಹಾಗೇ ಎತ್ತಿ ಹಿಡಿದು ಕೆಳಗೆಲ್ಲ ಅಗೆದು ಹೊಸದಾಗಿ ಕಟ್ಟಿ 2021ರಲ್ಲಿ ತೆರೆದ್ರು. ಮ್ಯಾಚ್ ಇದ್ದ ದಿನ ಮಾತ್ರ ಹೋಗ್ಬೇಡಿ, ನಂಗೆ ಪಾರ್ಕಿಂಗ್ 60 ಕಿತ್ರು.

ಧಾರವಾಡ ಮಾಮಾ: ಚಾವಣಿ ನೋಡಾಕ ಸಾತ್ ಸಮುದ್ರ ದಾಟಿ ಬಂದಾರೇನ್ರೀ ಅವರು? ಕಾರಂಜಿ ಮುಂದ ಕುಂತು ಬುತ್ತಿ ಬಿಚ್ರಿ, ಸಾಕು.

ಬೆಲ್‌ವ್ಯೂ ಸೊಸೆ: ದಯವಿಟ್ಟು ಅಲ್ಲಿ ಪುಳಿಯೋಗರೆ ಡಬ್ಬಿ ತೆಗೆದು ಮಾನ ಕಳೀಬೇಡಿ. ಅಲ್ಲೇ ಇರೋ ಆರ್ಮರಿ ಕಟ್ಟಡದ ಒಳಗೆ ಊಟ ಸಿಗತ್ತೆ.

ಮೋಡದೊಳಗಿನವ: ಪುಳಿಯೋಗರೆ ತಿಂದ್ರೆ ಮಾನ ಹೋಗತ್ತಾ? ಅಲ್ಲಿ ಐದು ಜನಕ್ಕೆ 94 ಡಾಲರ್ ಆಯ್ತು ನಂಗೆ, ಅದೂ ಮಾವ ಅರ್ಧ ಬಿಟ್ರು.

ಬೆಲ್‌ವ್ಯೂ ಸೊಸೆ: ಆಗ್ಲೇ ನಾಲ್ಕು ಜನ ಅಂದಿದ್ರಿ.

ಮೋಡದೊಳಗಿನವ: ಅದು ಇನ್ನೊಂದು ಸಲ. ಭಾಮೈದನ ಕರ್ಕೊಂಡು ಹೋಗಿದ್ದೆ. ಅವತ್ತೂ ಮೋಡ.

ಪ್ರಶ್ನೆ ಕೇಳಿದವಳು: ಅಮ್ಮನ ಮಂಡಿ ವಿಷಯ ಯಾರಾದ್ರೂ ಹೇಳ್ತೀರಾ?

ಹಳೇ ರೈಲು: ಎರಡು ಸಲ ಹೋದ್ರಾ?!