ಪದಚರ್ಚೆ: ಬಾಗಿಲು ಎಂದರೆ ಎಷ್ಟು? ಕದ ಎಲ್ಲಿ ಹೋಯಿತು?

ಪದಬಲ್ಲವರಲ್ಲಿ ಒಂದು ವಿಚಾರಣೆ.

ಸಿರುಗುಪ್ಪದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಲೆಬಾಗಿಲಿಗಾಗಿ ಬಳ್ಳಾರಿಯ ಒಂದು ಅಂಗಡಿಗೆ ಹೋದೆ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಸಾಗುವಾನಿ ಬಾಗಿಲಿಗೆ ದರ ಹೇಳಿದರು. ಒಪ್ಪಿ ಮುಂಗಡ ಕೊಟ್ಟು ಬಂದೆ. ಸಾಮಾನು ಬಂದ ದಿನ ಗಾಡಿಯಿಂದ ಇಳಿದದ್ದು ಕದ ಮಾತ್ರ. ಚೌಕಟ್ಟಿಲ್ಲ, ಹೊಸ್ತಿಲಿಲ್ಲ. ಫೋನ್ ಮಾಡಿದರೆ, "ನೀವು ಬಾಗಿಲು ಕೇಳಿದಿರಿ, ಬಾಗಿಲು ಕಳಿಸಿದ್ದೇವೆ. ಫ್ರೇಮ್ ಬೇರೆ" ಎಂಬ ಉತ್ತರ. ಮೋಸ ಮಾಡಿದರು ಎಂದು ನಾನು ಹೇಳಲಾರೆ. ಒಂದೇ ಪದವನ್ನು ಅವರು ಒಂದು ಅರ್ಥದಲ್ಲಿ ಆಡಿದರು, ನಾನು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡೆ. ಚೌಕಟ್ಟಿನ ಮರಕ್ಕೆ ಮತ್ತೆ ಹಣ ಹೊಂದಿಸಬೇಕಾಯಿತು. ಆವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಬಾಗಿಲು ಎಂಬುದು ಬಾಯಿ ಮತ್ತು ಇಲ್ ಸೇರಿ ಆದ ಪದವೆಂದು ವಿವರಿಸುತ್ತಾರೆ. ತಮಿಳಿನಲ್ಲಿ ವಾಯಿಲ್, ತೆಲುಗಿನಲ್ಲಿ ವಾಕಿಲಿ. ಅಂದರೆ ಮೂಲದಲ್ಲಿ ಅದು ಮನೆಯ ಬಾಯಿ, ಒಳಹೋಗುವ ತೆರವು. ಆ ತೆರವನ್ನು ಮುಚ್ಚುವ ಹಲಗೆ ಕದ. ತಮಿಳಿನಲ್ಲಿ ಕದವು, ತೆಲುಗಿನಲ್ಲಿ ತಲುಪು. ನಮ್ಮ ಮಾತಿನಲ್ಲಿ ಈ ಭೇದ ಇನ್ನೂ ಉಸಿರಾಡುತ್ತಿದೆ. "ಅಜ್ಜಿ ಬಾಗಿಲಲ್ಲಿ ನಿಂತಿದ್ದಾಳೆ" ಎನ್ನುತ್ತೇವೆ, "ಕದದಲ್ಲಿ ನಿಂತಿದ್ದಾಳೆ" ಎಂದು ಯಾರೂ ಅನ್ನುವುದಿಲ್ಲ. ಕದ ತಟ್ಟಬಹುದು. ಬಾಗಿಲನ್ನೂ ತಟ್ಟಬಹುದು, ಏಕೆಂದರೆ ಬಾಗಿಲು ತನ್ನ ಅರ್ಥವನ್ನು ಹಿಗ್ಗಿಸಿಕೊಂಡು ಕದವನ್ನೂ ನುಂಗಿದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ಮನೆಯಲ್ಲೇ ಸಿಕ್ಕಿತು. ಗೋಡೆ ಇನ್ನೂ ಏಳುವ ಮೊದಲೇ, ಹೊಸ್ತಿಲ ಕೆಳಗೆ ನವಧಾನ್ಯ ಮತ್ತು ನಾಣ್ಯ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ ಚೌಕಟ್ಟನ್ನು ಎತ್ತಿ ನಿಲ್ಲಿಸಿದೆವು. ಆ ಶಾಸ್ತ್ರಕ್ಕೆ ಎಲ್ಲರೂ ಹೇಳಿದ್ದು "ಬಾಗಿಲು ನಿಲ್ಲಿಸುವುದು" ಎಂದು. ಬಯಲಿನಲ್ಲಿ ನಿಂತ ನಾಲ್ಕು ಮರದ ತುಂಡುಗಳು, ನಡುವೆ ಗಾಳಿ. ಕದ ಇನ್ನೂ ಮೂಲೆಯಲ್ಲಿ ಒರಗಿತ್ತು. ಆದರೂ ಬಾಗಿಲು ನಿಂತಿತು! ಶಾಸ್ತ್ರ ಮಾಡುವವರ ಬಾಯಲ್ಲಿ ಬಾಗಿಲಿಗೆ ಹಳೆಯ ಅರ್ಥವೇ ಉಳಿದಿದೆ, ಅಂಗಡಿಯ ಬಿಲ್ಲಿನಲ್ಲಿ ಅದು ಕದಕ್ಕೆ ಇಳಿದಿದೆ.

ತಲೆಬಾಗಿಲಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ತಲೆ ಬಾಗಿ ಒಳಗೆ ಬರಬೇಕಾದ್ದರಿಂದ ತಲೆಬಾಗಿಲು ಎಂಬ ವಿವರಣೆಯನ್ನು ಅನೇಕರು ನಂಬಿದ್ದಾರೆ. ಹಳೆಯ ಮಾಳಿಗೆ ಮನೆಗಳ ಬಾಗಿಲು ತಗ್ಗಾಗಿದ್ದದ್ದು ನಿಜ, ಬಾಗದೆ ಹೋದರೆ ಹಣೆಗೆ ಪೆಟ್ಟು ಬೀಳುತ್ತಿದ್ದದ್ದೂ ನಿಜ. ಪದದ ಹುಟ್ಟು ಮಾತ್ರ ಅಲ್ಲಿಲ್ಲ. ಬಾಗು ಧಾತುವಿನಿಂದ ಬಾಗಿ, ಬಾಗಲು ಆಗುತ್ತವೆ, ಬಾಗಿಲು ಆಗುವುದಿಲ್ಲ. ಇಲ್ಲಿ ತಲೆ ಎಂದರೆ ಮೊದಲನೆಯದು, ಮುಖ್ಯವಾದದ್ದು. ತಲಕಾವೇರಿಯಲ್ಲಿ, ತಲೆಬರಹದಲ್ಲಿ ಇರುವಂತೆ. ತೆಲುಗಿನಲ್ಲಿ ತಲವಾಕಿಲಿ, ತಮಿಳಿನಲ್ಲಿ ತಲೈವಾಸಲ್ ಇವೆ. ಆಂಧ್ರದ ಆದೋನಿ ನಮಗೆ ಹತ್ತಿರ. ನಮ್ಮ ಬಡಗಿ ಒಂದೇ ಉಸಿರಿನಲ್ಲಿ ತಲಬಾಗಿಲು ಎಂದೂ ತಲವಾಕಿಲಿ ಎಂದೂ ಹೇಳುತ್ತಾರೆ. ಇಷ್ಟು ಚೆಲುವಾದ ಪದ ಇರುವಾಗ ಮುಖ್ಯದ್ವಾರ ಎಂದು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಕದ, ಚೌಕಟ್ಟು ಎಂಬ ಭೇದ ದುರಸ್ತಿಯಲ್ಲೂ ಬೇಕು. "ಬಾಗಿಲು ಹಿಡಿಯುತ್ತಿದೆ" ಎಂದಷ್ಟೇ ಹೇಳಿದರೆ ಬಡಗಿಗೆ ಏನೂ ತಿಳಿಯುವುದಿಲ್ಲ. ಮಳೆಗಾಲದ ತೇವಕ್ಕೆ ಕದ ಅಗಲದಲ್ಲಿ ಉಬ್ಬುತ್ತದೆ. ಉದ್ದದಲ್ಲಿ ಮರ ಬೆಳೆಯುವುದು ಬಹಳ ಕಡಿಮೆ. ಬೇಸಿಗೆ ಬಂದರೆ ಅದು ತಾನಾಗಿ ಇಳಿಯುತ್ತದೆ. ಕದದ ಎರಡು ಮುಖಗಳಿಗೆ ಬಣ್ಣ ಬಳಿದು ಮೇಲಂಚು, ಕೆಳಅಂಚು ಮರೆತರೆ ತೇವ ಅಲ್ಲಿಂದಲೇ ಏರುತ್ತದೆ, ಕದ ಕೂರಿಸುವ ಮೊದಲೇ ಅವಕ್ಕೂ ಬಳಿಯಬೇಕು. ಚೌಕಟ್ಟಿನ ಕಥೆ ಬೇರೆ. ನಮ್ಮದು ಎರೆಮಣ್ಣಿನ ನೆಲ. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಪಾಯ ಕದಲಿದರೆ ಚೌಕಟ್ಟು ಮೂಲೆಮಟ್ಟ ತಪ್ಪುತ್ತದೆ. ಆಗ ಎಷ್ಟು ಕೀಸುಳಿ ಹಾಕಿದರೂ ಕದ ಸಣ್ಣದಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಹಿಡಿದು ಅಳೆಯಬೇಕು. ಎರಡಳತೆ ಸಮವಿಲ್ಲದಿದ್ದರೆ ತಪ್ಪು ಕದದ್ದಲ್ಲ.

ಹೊಸ್ತಿಲು ದಿನವೂ ನೀರು ಕಾಣುವ ಭಾಗ. ತೊಳೆದು, ಅರಿಸಿನ ಹಚ್ಚಿ, ರಂಗೋಲಿ ಹಾಕುವ ಜಾಗವಾದ್ದರಿಂದ ಗೆದ್ದಲೂ ಕೊಳೆತವೂ ಅಲ್ಲಿಂದಲೇ ಶುರುವಾಗುತ್ತವೆ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸುವುದು ನಮ್ಮ ಅತ್ತೆಯ ಪದ್ಧತಿ, ಅವರ ಹಳೆಯ ಮನೆಯ ಹೊಸ್ತಿಲು ಇಂದಿಗೂ ಗಟ್ಟಿಯಾಗಿದೆ. ಕದಕ್ಕೆ ಅವರು ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕುತ್ತಾರೆ. ಊರ ಹೆಬ್ಬಾಗಿಲಿಗೆ ನಮ್ಮ ಭಾಗದಲ್ಲಿ ಹೇಳುವ ಅಗಸೆಯೇ ಬೇರೆ, ಎಣ್ಣೆಬೀಜದ ಅಗಸೆಯೇ ಬೇರೆ. ಎರಡನೆಯದು ಸಂಸ್ಕೃತದ ಅತಸೀ.

ಈಗ ನನ್ನ ಪ್ರಶ್ನೆಗಳು. ರಾಯಚೂರು, ಕೊಪ್ಪಳದ ಕಡೆಯ ಬಡಗಿಗಳು ಲೆಕ್ಕ ಬರೆಯುವಾಗ ಕದ ಎಂಬ ಪದವನ್ನು ಇನ್ನೂ ಬಳಸುತ್ತಾರೆಯೇ? ದ್ವಾರಬಂಧದಿಂದ ಬಂದ ದಾರಂದ ನಿಮ್ಮಲ್ಲಿ ಇಡೀ ಚೌಕಟ್ಟಿಗೆ ಸಲ್ಲುತ್ತದೆಯೇ, ಅಥವಾ ತಲೆಯ ಮೇಲಿನ ಅಡ್ಡಮರಕ್ಕೆ ಮಾತ್ರವೇ? ಒಳಕೋಣೆಗಳಿಗೆ ಹೊಸ್ತಿಲಿಲ್ಲದೆ ಮೂರೇ ಮರ ಹಾಕುತ್ತಾರಲ್ಲ, ಅದಕ್ಕೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ಊರು, ತಾಲ್ಲೂಕು ಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ಹಿತ್ತಲ ಬಾಗಿಲಿಗೆ ಮುಂದಿನ ವಾರ ಹೇಳಬೇಕಿದೆ. ಈ ಬಾರಿ ಚೀಟಿಯಲ್ಲಿ ಕದ, ಚೌಕಟ್ಟು, ಹೊಸ್ತಿಲು ಎಂದು ಮೂರು ಸಾಲು ಬರೆದುಕೊಂಡೇ ಹೋಗುತ್ತೇನೆ.