42 ಹಾಯಿದೋಣಿ, 3 ದಿನ, ಒಂದೇ ಕೆರೆ: ಹೀಟ್ ಹೇಗೆ ಮಾಡೋದು?

ಪ್ರಶ್ನೆ
ಇಂಗ್ಲೆಂಡಿನ ನಮ್ಮ ಕ್ಲಬ್ ಈ ಸಲ ರಿಮೋಟ್ ಹಾಯಿದೋಣಿಗಳ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತಿದೆ. ವರ್ಗ ಐಒಎಂ, ಅಂದರೆ ಇಂಟರ್‌ನ್ಯಾಷನಲ್ ಒನ್ ಮೀಟರ್. 42 ದೋಣಿ ಬರುತ್ತವೆ, ಎಲ್ಲವನ್ನೂ ಒಟ್ಟಿಗೆ ಓಡಿಸೋಕಾಗಲ್ಲ; ಹೀಟ್, ಅಂದರೆ ಗುಂಪುಗಳಾಗಿ ಓಡಿಸಬೇಕು. ಸಮಿತಿಯಲ್ಲಿ ಅರ್ಧ ಜನ ಎಚ್‌ಎಂಎಸ್ (ಹೀಟ್ ಮ್ಯಾನೇಜ್‌ಮೆಂಟ್ ಸಿಸ್ಟಂ) ಬೇಕು ಅಂತಾರೆ, ಅರ್ಧ ಜನ ಎಸ್‌ಎಚ್‌ಆರ್‌ಎಸ್ (ಸಿಂಪಲ್ ಹೀಟ್ ರೇಸಿಂಗ್ ಸಿಸ್ಟಂ). ಓಟ ನಡೆಸಿ, ಅಂಕ ಬರೆದು ಗೊತ್ತಿರುವವರು ಯಾವುದಕ್ಕೆ ಎಷ್ಟು ಜನ ಬೇಕು, ಎಲ್ಲಿ ಎಡವಟ್ಟಾಗುತ್ತೆ ಅಂತ ಹೇಳಿ.

ಓಟದ ಅಧಿಕಾರಿ
ಎಚ್‌ಎಂಎಸ್ ಮಾಡಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಚೆನ್ನಾಗಿ ಓಡಿಸುವವರು ಕೊನೇ ದಿನದವರೆಗೂ ಒಬ್ಬರ ಎದುರು ಒಬ್ಬರು ಓಡಬೇಕು. ಅದು ಈ ಪದ್ಧತಿಯಲ್ಲಿ ತಾನಾಗೇ ಆಗುತ್ತೆ. ಮೊದಲ ಓಟ ವಿಂಗಡಣೆಗೆ. ಎರಡನೆಯದರಿಂದ ಕೆಳಗಿನ ಹೀಟ್ ಮೊದಲು ಓಡುತ್ತೆ. ಅದರ ಮೊದಲ ನಾಲ್ವರು ಅದೇ ಓಟದಲ್ಲಿ ಮೇಲಿನ ಹೀಟಿಗೆ ಹತ್ತುತ್ತಾರೆ, ಮೇಲಿನ ಹೀಟಿನ ಕೊನೇ ನಾಲ್ವರು ಮುಂದಿನ ಓಟಕ್ಕೆ ಕೆಳಗಿಳಿಯುತ್ತಾರೆ.

ಲೆಕ್ಕ ನೋಡಿ. ಎರಡೇ ಹೀಟ್ ಅಂದರೆ ನೀರಿನ ಮೇಲೆ ಒಮ್ಮೆಗೆ 23 ದೋಣಿ (23+23, ಹತ್ತಿದ 4 ಕಳೆದರೆ 42). ಮೂರಾದರೆ 17, 17, 16 (ಹತ್ತಿದ 8 ಕಳೆದರೆ 42). ಶುರುವಿನ ಗೆರೆ ದೋಣಿಗಳ ಒಟ್ಟು ಉದ್ದದ ಒಂದೂವರೆ ಪಟ್ಟಾದರೂ ಇರಲಿ. 23ಕ್ಕೆ ಸುಮಾರು 35 ಮೀಟರ್ ಬೇಕು, 17ಕ್ಕೆ 25-26 ಸಾಕು. ದಡದಲ್ಲಿ ಓಡಾಡಲು ಜಾಗ ಕಡಿಮೆಯಿದ್ದರೆ 23 ಜನ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಲ್ಲುತ್ತಾರೆ, ಎದುರುಗಾಳಿಯ ಮೊದಲ ಬೋಯ್ (ತಿರುವು ತೋರಿಸುವ ತೇಲುಗುರುತು) ಹತ್ತಿರ ದೋಣಿಗಳು ಒಂದರ ಮೇಲೊಂದು ಬೀಳುತ್ತವೆ. ನಿಮ್ಮ ಜಾಗಕ್ಕೆ ನನ್ನ ಮತ ಮೂರು ಹೀಟಿಗೆ.

ಅಂಕ ಬರೆಯುವವರು
ಮೇಲೆ ಹೇಳಿದ್ದು ಸರಿ, ಆದರೆ ಎಚ್‌ಎಂಎಸ್‌ನ ಪ್ರಾಣ ಇರುವುದು ಮುಕ್ತಾಯದ ಗೆರೆಯಲ್ಲಿ. ಮೂರು ಸೆಕೆಂಡಿನಲ್ಲಿ ಆರು ದೋಣಿ ದಾಟುತ್ತವೆ, ಒದ್ದೆ ಹಾಯಿಯ ಮೇಲೆ 3 ಯಾವುದು 8 ಯಾವುದು ಗೊತ್ತಾಗಲ್ಲ. ನಾಲ್ಕನೆಯವರು ಯಾರು, ಐದನೆಯವರು ಯಾರು ಅನ್ನೋದು ತಪ್ಪಿತೋ, ತಪ್ಪು ದೋಣಿ ಮೇಲೆ ಹತ್ತಿ ಓಡಿ ಮುಗಿಸಿರುತ್ತೆ. ಆಮೇಲೆ ಸರಿಪಡಿಸೋಕೆ ದಾರಿಯೇ ಇರಲ್ಲ. ಅದಕ್ಕೇ ಗೆರೆಯ ನೇರಕ್ಕೆ ಒಬ್ಬರು ನಿಂತು ಸಂಖ್ಯೆ ಕೂಗಲಿ, ಪಕ್ಕದಲ್ಲಿ ಇನ್ನೊಬ್ಬರು ತಲೆ ಎತ್ತದೆ ಬರೆಯಲಿ, ಫೋನಿನಲ್ಲಿ ಧ್ವನಿ ರೆಕಾರ್ಡ್ ಆಗುತ್ತಿರಲಿ. ಕೂಗುವವರೇ ಬರೆಯುವುದು ಬೇಡ.

ಹಾಯಿ ಸಂಖ್ಯೆಯ ಕೊನೇ ಎರಡು ಅಂಕಿ ಮಾತ್ರ ಬಳಕೆಯಲ್ಲಿರುತ್ತೆ. ಇಬ್ಬರದ್ದು ಒಂದೇ ಆದರೆ ಒಬ್ಬರು ಮುಂದೆ 1 ಸೇರಿಸಬೇಕು. ಈ ಪಟ್ಟಿ ಹಿಂದಿನ ದಿನವೇ ಎಲ್ಲರಿಗೂ ಹೋಗಲಿ. ಅಂಟಿಸುವ ಅಂಕಿ ಒಂದು ಕಟ್ಟು ಜಾಸ್ತಿ ಇಟ್ಟುಕೊಂಡಿರಿ.

ಇನ್ನೊಂದು, ಅಯಸ್ಕಾಂತದ ಬೋರ್ಡ್. ಒಂದೊಂದು ದೋಣಿಗೆ ಒಂದೊಂದು ಬಿಲ್ಲೆ, ಹೀಟಿಗೊಂದು ಸಾಲು. ಹೀಟ್ ಮುಗಿದ ತಕ್ಷಣ ನಾಲ್ಕು ಬಿಲ್ಲೆ ಮೇಲಕ್ಕೆ ಸರಿಸಿದರೆ ‘ನಾನು ಯಾವ ಹೀಟು?’ ಅಂತ ಯಾರೂ ಮೇಜಿನ ಹತ್ತಿರ ಬರಲ್ಲ. ಲ್ಯಾಪ್‌ಟಾಪ್ ಪರದೆ ಬಿಸಿಲಿನಲ್ಲಿ ಕಾಣಲ್ಲ, ಅದನ್ನು ನಂಬಬೇಡಿ.

ಎಸ್‌ಎಚ್‌ಆರ್‌ಎಸ್ ನಡೆಸಿದವರು
ಅಷ್ಟು ಪಳಗಿದ ಜನ ನಿಮ್ಮಲ್ಲಿ ಇದ್ದಾರಾ ಅನ್ನೋದೇ ನಿಜವಾದ ಪ್ರಶ್ನೆ. ಇಲ್ಲದಿದ್ದರೆ ಎಸ್‌ಎಚ್‌ಆರ್‌ಎಸ್ ಒಳ್ಳೇದು. ಇದರಲ್ಲಿ ಒಂದು ಓಟಕ್ಕೆ ಪ್ರತಿ ದೋಣಿಯೂ ಒಂದೇ ಸಲ ನೀರಿಗಿಳಿಯುತ್ತೆ. ಮೊದಲ ಭಾಗದಲ್ಲಿ ಎಲ್ಲರನ್ನೂ ಕಲಸಿ ಓಡಿಸಿ, ಆಮೇಲೆ ಗೋಲ್ಡ್ 21, ಸಿಲ್ವರ್ 21 ಅಂತ ಒಡೆಯಬಹುದು. ಮುಕ್ತಾಯದಲ್ಲಿ ಒಂದು ಸ್ಥಾನ ತಪ್ಪಿದರೂ ಸಂಜೆ ತಿದ್ದಬಹುದು.

ಎಚ್‌ಎಂಎಸ್‌ನಲ್ಲಿ ಮೂರನೇ ಹೀಟಿನಿಂದ ಮೇಲಿನವರೆಗೆ ಹತ್ತಿದವರು ಒಂದೇ ಓಟಕ್ಕೆ ಮೂರು ಸಲ ಓಡುತ್ತಾರೆ. ಹೆಚ್ಚು ಗಾಳಿಯಿದ್ದರೆ ವಿಂಚ್ (ಹಾಯಿ ಎಳೆಯುವ ಮೋಟಾರು) ಬ್ಯಾಟರಿ ಹೀರಿಬಿಡುತ್ತೆ, ಮೂರನೇ ಸಲ ಹಾಯಿ ಎಳೆಯೋಕೇ ಆಗಲ್ಲ.

ಎಸ್‌ಎಚ್‌ಆರ್‌ಎಸ್‌ನ ಕೊರತೆಯನ್ನೂ ಹೇಳಲೇಬೇಕು. ಮೊದಲ ದಿನ ರಿಸೀವರಿಗೆ ನೀರು ಹೊಕ್ಕು ಒಬ್ಬರು ನಾಲ್ಕು ಓಟ ಕಳೆದುಕೊಂಡರೆ ಸಿಲ್ವರ್‌ನಲ್ಲೇ ಉಳಿಯುತ್ತಾರೆ. ಅಲ್ಲಿ ಎಲ್ಲಾ ಗೆದ್ದರೂ 22ನೇ ಸ್ಥಾನಕ್ಕಿಂತ ಮೇಲೆ ಬರಲಾಗದು.

ಅಳತೆ ನೋಡುವವರು
ಯಾವ ಪದ್ಧತಿಯಾದರೂ ಮೊದಲ ಬೆಳಗ್ಗೆ ಅಳತೆಗೇ ಹೋಗುತ್ತೆ. ಹಲ್ (ದೋಣಿಯ ಒಡಲು) ಉದ್ದ 1000 ಮಿ.ಮೀ. ದಾಟಬಾರದು, ನೀರಿನಡಿ ಆಳ 420 ಮಿ.ಮೀ. ಮೀರಬಾರದು, ದೋಣಿ ಕನಿಷ್ಠ 4000 ಗ್ರಾಂ, ಫಿನ್ (ಒಡಲಿನ ಕೆಳಗಿನ ರೆಕ್ಕೆ) ಮತ್ತು ಅದರ ತುದಿಯ ಸೀಸದ ಗುಂಡು ಸೇರಿ 2200ರಿಂದ 2500 ಗ್ರಾಂ. ತೂಕ ಒಣಗಿದ ದೋಣಿಯದ್ದಾಗಲಿ. ಒಳಗೆ ನಿಂತ ನೀರು ಕೊರತೆಯನ್ನು ಮುಚ್ಚಿಬಿಡುತ್ತೆ. ಸಾಧ್ಯವಾದರೆ ಹಿಂದಿನ ಸಂಜೆಯೇ ಮುಗಿಸಿ.

ಓಟದ ಅಧಿಕಾರಿ (ಮತ್ತೆ)
ಬ್ಯಾಟರಿ ಮಾತು ಒಪ್ಪಿದೆ. ಅದಕ್ಕೇ ಹೀಟುಗಳ ನಡುವೆ 5 ನಿಮಿಷ ಬಿಡಿ. ನೀರು ಬಸಿಯೋಕೆ, ಬ್ಯಾಟರಿ ಬದಲಿಸೋಕೆ ಅಷ್ಟು ಸಾಕು. ಒಂದು ಹೀಟ್ 12 ನಿಮಿಷ, ಹಿಂದುಳಿದವರಿಗೆ 3, ಬಿಡುವು 5, ಒಟ್ಟು 20. ಮೂರು ಹೀಟಿಗೆ ಒಂದು ತಾಸು. ಬೆಳಗ್ಗೆ 9:30ರಿಂದ 4:30, ಊಟಕ್ಕೆ ಮುಕ್ಕಾಲು ತಾಸು ಬಿಟ್ಟರೆ ದಿನಕ್ಕೆ ಆರು ಓಟ. ಗಾಳಿ ತಿರುಗಿ ಬೋಯ್ ಸರಿಸುವುದೆಲ್ಲಾ ಸೇರಿದರೆ ಮೂರು ದಿನಕ್ಕೆ 15-16ಕ್ಕಿಂತ ಜಾಸ್ತಿ ಆಗಲ್ಲ.

ಆ 15-16ರಲ್ಲೇ ಜಗಳ ಇದೆ. ಹಾಯಿ ಸ್ಪರ್ಧೆಯ ನಿಯಮಪುಸ್ತಕದಲ್ಲಿ ರಿಮೋಟ್ ದೋಣಿಗಳಿಗಿರುವ ಅಪೆಂಡಿಕ್ಸ್ ಇ ಪ್ರಕಾರ 4 ಓಟಕ್ಕೆ ಒಂದು ಕೆಟ್ಟ ಫಲಿತಾಂಶ ಬಿಡಬಹುದು, 8ಕ್ಕೆ ಎರಡು, 16ಕ್ಕೆ ಮೂರು. 15ಕ್ಕೆ ನಿಲ್ಲಿಸಿದರೆ ಎರಡೇ. ಕೊನೇ ದಿನ ‘ಇನ್ನೊಂದು ಓಡಿಸಿ’, ‘ಬೇಡ’ ಅಂತ ಎರಡೂ ಕಡೆಯಿಂದ ಒತ್ತಡ ಬರುತ್ತೆ. ಹಾಗಾಗಿ ‘ಈ ಗಂಟೆಯ ಮೇಲೆ ಹೊಸ ಓಟ ಶುರುವಿಲ್ಲ’ ಅಂತ ಸೂಚನಾ ಪತ್ರದಲ್ಲಿ ಮೊದಲೇ ಬರೆಯಿರಿ. ಆ ಗಂಟೆ ಕೆಳಗಿನ ಹೀಟಿಗೆ ಅನ್ವಯಿಸಲಿ, ಮುಗಿಸುವ ಸಮಯಕ್ಕಿಂತ ಒಂದು ತಾಸು ಹಿಂದೆ ಇರಲಿ. ಇಲ್ಲದಿದ್ದರೆ ಕೆಳಗಿನ ಎರಡು ಹೀಟ್ ಮುಗಿದು ಮೇಲಿನದು ಕತ್ತಲಲ್ಲಿ ಉಳಿಯುತ್ತೆ.

ಮೊದಲ ನಾಲ್ಕು ಸ್ಥಾನ ಮುಟ್ಟುವ ತಕರಾರು ಇದ್ದರೆ ಮೇಲಿನ ಹೀಟ್ ಬಿಡುವ ಮುಂಚೆಯೇ ದಡದಲ್ಲಿ ನಿಂತು ತೀರ್ಮಾನ ಮಾಡಿ. ಉಳಿದವು ಊಟದ ಹೊತ್ತಿಗೆ. ವೀಕ್ಷಕರಾಗಿ ಆಗ ಓಡದಿರುವ ಹೀಟಿನವರನ್ನೇ ನಿಲ್ಲಿಸಿ, ಹೀಟಿಗೆ ನಾಲ್ವರು ಬೇಕು. ಮೇಲೆ ಹತ್ತಿದವರ ಹೆಸರನ್ನು ಆ ಪಟ್ಟಿಯಲ್ಲಿ ಬರೆದುಬಿಡುವುದು ಎಲ್ಲಾ ಕಡೆ ಆಗುವ ತಪ್ಪು. ಹೆಸರು ಕೂಗಿದಾಗ ಅವರು ದೋಣಿ ಕೈಯಲ್ಲಿ ಹಿಡಿದು ನೀರಿನ ಹತ್ತಿರ ನಿಂತಿರುತ್ತಾರೆ.