‘ಡೋರ್ ಲಾಕ್’ ಅಂತ ನೋಟಿಸ್ ವಾಪಸ್ ಬಂದಿದೆ, ಕೇಸ್ ನಿಲ್ಲುತ್ತಾ?

ಪ್ರಶ್ನೆ, ಅರಸೀಕೆರೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ದೂರದ ಸಂಬಂಧಿಯೊಬ್ಬರಿಗೆ ಬೋರ್‌ವೆಲ್ ಕೊರೆಸೋಕೆ ನನ್ನ ಅಕೌಂಟಿಂದ 1,80,000 ರೂಪಾಯಿ ಹಾಕಿದ್ದೆ. ಅವರು ಕೊಟ್ಟ ಚೆಕ್ ಬೌನ್ಸ್ ಆಯಿತು. ಚೆಕ್ ಪಾಸಾಗಿಲ್ಲ ಅನ್ನೋ ಬ್ಯಾಂಕಿನ ಮೆಮೊ ಕೈಗೆ ಬಂದ ಹನ್ನೊಂದನೇ ದಿನ ವಕೀಲರಿಂದ ನೋಟಿಸ್ ಕಳಿಸಿದೆ, ಸ್ಪೀಡ್ ಪೋಸ್ಟಲ್ಲಿ. ಮೊನ್ನೆ ಲಕೋಟೆ ಹಾಗೇ ವಾಪಸ್ ಬಂತು. ಮೇಲೆ ಕೆಂಪು ಇಂಕಲ್ಲಿ ‘ಡೋರ್ ಲಾಕ್, ಇಂಟಿಮೇಷನ್ ಕೊಟ್ಟಿದೆ’ ಅಂತ ಬರೆದಿದ್ದಾರೆ. ಆಸಾಮಿ ಊರಲ್ಲೇ ಇದ್ದಾರೆ, ಸಂತೆಯಲ್ಲಿ ಬದನೆಕಾಯಿ ಆರಿಸ್ತಿದ್ದರು! ಇವತ್ತಿಗೆ ಮೆಮೊ ಬಂದು 24 ದಿನ. ನೋಟಿಸ್ ಮುಟ್ಟಿಲ್ಲ ಅಂದರೆ ಕೇಸ್ ಬಿದ್ದುಹೋಗುತ್ತಾ?

ದಾವಣಗೆರೆ, ಅಕ್ಕಿ ವ್ಯಾಪಾರ

ಮೊದಲು ಆ ಲಕೋಟೆ ಒಡೆಯಬೇಡಿ ಸರ್. ನಾನು ಒಡೆದು ಕೆಟ್ಟೆ. ಒಳಗೆ ನನ್ನದೇ ನೋಟಿಸ್ ಇರೋದು ಗೊತ್ತಿದ್ದೂ ಸುಮ್ನೆ ಅಂಚು ಕತ್ತರಿಸಿ ನೋಡಿದೆ. ಪಾಟಿ ಸವಾಲಲ್ಲಿ ಎದುರು ವಕೀಲರು ಅದನ್ನೇ ಹಿಡಿದರು: ‘ಒಳಗೆ ಖಾಲಿ ಹಾಳೆ ಇತ್ತು, ಆಮೇಲೆ ನೋಟಿಸ್ ತುರುಕಿದ್ದೀರಿ.’ ಮುಕ್ಕಾಲು ಗಂಟೆ ಬೆವರಿಳಿಯಿತು. ಅಂಟು ಬಿಡದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಹಾಕಿಡಿ, ಕೋರ್ಟಲ್ಲೇ ಬಿಚ್ಚಲಿ.

ಎರಡನೇ ತಪ್ಪು ಅವಸರ. 138ರ ಕೇಸಲ್ಲಿ, ಅಂದರೆ ಚೆಕ್ ಬೌನ್ಸ್ ಕಲಮಿನ ಕೇಸಲ್ಲಿ, ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಅವರಿಗೆ ಮುಟ್ಟಿದ ಮೇಲೆ ಹಣ ಕೊಡೋಕೆ 15 ದಿನ. ಅದು ಮುಗಿದ ಮೇಲೆ ನಮಗೆ ಒಂದು ತಿಂಗಳು. ನಾನು ಆ 15 ದಿನದಲ್ಲಿ ಹನ್ನೊಂದನೇ ದಿನಕ್ಕೇ ದೂರು ಹಾಕಿಸಿದ್ದೆ. 15 ದಿನ ತುಂಬೋ ಮೊದಲು ಹಾಕಿದ್ದು ದೂರೇ ಅಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹೊಸದಾಗಿ ಹಾಕಿ, ತಡವಾಗಿದ್ದಕ್ಕೆ ಮಾಫಿ ಅರ್ಜಿ ಬೇರೆ ಕೊಟ್ಟೆ.

ಶಿರಸಿ, ನಿವೃತ್ತ ಪೋಸ್ಟ್‌ಮ್ಯಾನ್

ಆ ಕೆಂಪು ಅಕ್ಷರ ಬರೆಯೋ ಕೆಲಸ ನಾನೇ ಮಾಡಿದವನು, ಅದಕ್ಕೇ ಹೇಳ್ತೇನೆ. ಬಾಗಿಲು ಹಾಕಿದ್ದರೆ ಚೀಟಿ ಬಿಟ್ಟು ಬರ್ತೇವೆ. ಏಳು ದಿನ ಆಫೀಸಲ್ಲಿ ಇಟ್ಟು, ಯಾರೂ ಬರದಿದ್ದರೆ ಕಳಿಸಿದವರಿಗೆ ವಾಪಸ್. ‘ರೆಫ್ಯೂಸ್ಡ್’ ಅಂದರೆ ಎದುರಿಗೆ ನಿಂತು ಬೇಡ ಅಂದರು ಅಂತ. ಕಳಿಸಿದವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ‘ಲೆಫ್ಟ್’ (ಮನೆ ಬಿಟ್ಟು ಹೋಗಿದ್ದಾರೆ) ಅಥವಾ ‘ವಿಳಾಸ ಸಾಲದು’ ಅಂತ ಬಂದರೆ ಮಾತ್ರ ಯೋಚನೆ ಮಾಡಿ, ಆಗ ತಪ್ಪು ನಿಮ್ಮ ಕಡೆ ಇರಬಹುದು.

ಟ್ರ್ಯಾಕಿಂಗ್ ಪುಟವನ್ನು ಈಗಲೇ ಪ್ರಿಂಟ್ ತೆಗೆದಿಡಿ. ಕೇಸ್ ನಡೆಯೋ ಹೊತ್ತಿಗೆ ಅದು ಸಿಕ್ಕೇ ಸಿಗುತ್ತೆ ಅಂತ ನಂಬಬೇಡಿ. ಇನ್ನೊಂದು, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟರು. ಈಗ ಕೌಂಟರಲ್ಲಿ ‘ರಿಜಿಸ್ಟ್ರೇಷನ್ ಬೇಕು’ ಅಂತ ಬಾಯಿಬಿಟ್ಟು ಕೇಳಬೇಕು.

ಮೈಸೂರು, ವಕೀಲರ ಆಫೀಸಲ್ಲಿ ಗುಮಾಸ್ತ

ಅಣ್ಣ, ಡೋರ್ ಲಾಕ್ ಅಂದ ಮಾತ್ರಕ್ಕೆ ಕೇಸ್ ಬೀಳಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆ, 27ನೇ ಕಲಮು. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ಡ್ ಪೋಸ್ಟಲ್ಲಿ ಹಾಕಿದರೆ ಮುಟ್ಟಿದೆ ಅಂತಲೇ ಲೆಕ್ಕ. ಇಲ್ಲ ಅನ್ನೋರು ಅದನ್ನು ತೋರಿಸಬೇಕು. 2007ರ ಅಲವಿ ಹಾಜಿ ಕೇಸಲ್ಲಿ ಲಕೋಟೆ ‘ಊರಲ್ಲಿಲ್ಲ’ ಅಂತ ವಾಪಸ್ ಬಂದಿತ್ತು. ಮೂವರು ನ್ಯಾಯಮೂರ್ತಿಗಳ ಪೀಠ ಒಂದು ಮಾತು ಹೇಳಿತು: ನೋಟಿಸ್ ನಿಜವಾಗಿ ಸಿಕ್ಕಿಲ್ಲ ಅನ್ನೋರು ಕೋರ್ಟಿನ ಸಮನ್ಸ್ ಬಂದ 15 ದಿನದಲ್ಲಿ ಹಣ ಕಟ್ಟಲಿ. ಅದನ್ನೂ ಕಟ್ಟದವರು ‘ನೋಟಿಸೇ ಬರಲಿಲ್ಲ’ ಅಂತ ಅಳೋ ಹಾಗಿಲ್ಲ.

ಹಾಗಾಗಿ ನಿಮ್ಮ ಚಿಂತೆ ಬಾಗಿಲಿನದ್ದಲ್ಲ, ವಿಳಾಸದ್ದು. ಅವರ ವೋಟರ್ ಐಡಿ ಅಥವಾ ಸಾಲದ ಪತ್ರದಲ್ಲಿ ಇರೋ ವಿಳಾಸಕ್ಕೂ ಲಕೋಟೆ ಮೇಲಿನದ್ದಕ್ಕೂ ತಾಳೆ ನೋಡಿ. ಅಂಗಡಿ ಇದ್ದರೆ ಅಲ್ಲಿಗೂ ಒಂದು ಹಾಕಿ, ನಿಮಗಿನ್ನೂ ಆರು ದಿನ ಇದೆ. ಆದರೆ ಎರಡನೇ ನೋಟಿಸ್ ಹೋಯಿತು ಅಂತ ಮೊದಲನೇದರ ಗಡುವು ಮರೆಯಬೇಡಿ. ಎರಡೂ ಲೆಕ್ಕಕ್ಕೆ ಹೊಂದೋ ದಿನ ಹಿಡಿದು ದೂರು ಹಾಕಿಸಿ.

ಮೊತ್ತವನ್ನೂ ಮತ್ತೆ ಓದಿ. 2025ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಕೇಸಲ್ಲಿ ಚೆಕ್ 1 ಕೋಟಿದು, ನೋಟಿಸಲ್ಲಿ 2 ಕೋಟಿ. ಟೈಪಿಂಗ್ ತಪ್ಪು ಅಂದರೂ ಒಪ್ಪಲಿಲ್ಲ, ಕೇಸ್ ಹೋಯಿತು.

ಬೆಂಗಳೂರು

ನಾನು ಆ ಕಡೆಯವನು, ನೋಟಿಸ್ ಬರಬೇಕಾಗಿದ್ದವನು. ನಮ್ಮ ಮನೆಗೆ ಹಳೇ ನಂಬರ್, ಹೊಸ ನಂಬರ್ ಅಂತ ಎರಡು ಇವೆ. ಅವರು ಹಳೇದನ್ನು ಬರೆದಿದ್ದರು. ಅದೇ ನಂಬರ್ ಈಗ ನಾಲ್ಕು ಮನೆ ಆಚೆ ಇಸ್ತ್ರಿ ಅಂಗಡಿಗೆ ಸೇರಿದೆ. ಸಮನ್ಸ್ ಬಂದಾಗಲೇ ನನಗೆ ವಿಷಯ ಗೊತ್ತಾಗಿದ್ದು. ಗುಮಾಸ್ತರು ಹೇಳಿದ ಹಾಗೆ 15 ದಿನದೊಳಗೆ ಕಟ್ಟಿ ಮುಗಿಸಿದೆ. ಎಲ್ಲರೂ ತಪ್ಪಿಸಿಕೊಂಡು ಓಡಾಡ್ತಾರೆ ಅಂದ್ಕೋಬೇಡಿ.

ಹುಬ್ಬಳ್ಳಿ

ವಾಟ್ಸಾಪಲ್ಲೂ ಒಂದು ಪ್ರತಿ ಹಾಕಿಡ್ರಿ, ಎರಡು ನೀಲಿ ಗೆರೆ ಬಂದರೆ ಸ್ಕ್ರೀನ್‌ಶಾಟ್ ತಗೋರಿ. ಆದ್ರ ಅದನ್ನೇ ನಂಬಿ ಪೋಸ್ಟ್ ಬಿಡಬ್ಯಾಡ್ರಿ. ಆರೋಪಿನ ವಿಚಾರಣೆಗೆ ಕರೆಯೋ ಪೊಲೀಸ್ ನೋಟಿಸನ್ನ ವಾಟ್ಸಾಪಲ್ಲಿ ಕೊಟ್ರ ನಡಿಯೂದಿಲ್ಲ ಅಂತ 2025ರ ಜನವರಿಯಾಗ ಸುಪ್ರೀಂ ಕೋರ್ಟೇ ಹೇಳೇತಿ.

ಅರಸೀಕೆರೆ, ಮತ್ತೆ ನಾನೇ

ಲಕೋಟೆ ಒಡೆದಿಲ್ಲ, ಬೀರುವಲ್ಲಿದೆ. ಮೊತ್ತ ಸರಿ ಇದೆ. ವಿಳಾಸ ತಾಳೆ ನೋಡಿದೆ, ಮನೆ ನಂಬರ್ ಸರಿ, ಆದರೆ ‘ಕೆಳಗಿನ ಬೀದಿ’ ಅನ್ನೋದು ಬಿಟ್ಟುಹೋಗಿದೆ. ಊರಲ್ಲಿ ಎಲ್ಲರಿಗೂ ಅವರ ಮನೆ ಗೊತ್ತು, ಪೋಸ್ಟ್‌ಮ್ಯಾನ್‌ಗೂ ಗೊತ್ತು. ಆದರೂ ಬೇಡ ರಿಸ್ಕು. ನಾಳೆ ಬೆಳಿಗ್ಗೆ ವಕೀಲರ ಹತ್ತಿರ ಹೋಗಿ ಪೂರ್ತಿ ವಿಳಾಸದ್ದೊಂದು, ಅವರ ಗೊಬ್ಬರದ ಅಂಗಡಿಗೊಂದು ಹಾಕಿಸ್ತೀನಿ. ರಸೀದಿ ತಗೊಂಡು ಬಂದು ಇಲ್ಲೇ ಹೇಳ್ತೀನಿ.